ಪ್ರಾತಃಕಾಲದ ಆತಪ

ವಾಚಕ ಮಹಾಶಯರ ಸನ್ನಿಧಿಯಲ್ಲಿ ಈ ಅಲ್ಪನು ಕೈಮುಗಿದು ಬಿನ್ನವಿಸುವುದೇನೆಂದರೆ: ತಾವು ಈವರೆಗೆ ಓದಿರಬಹುದಾದ ಕಾದಂಬರಿಗಳಲ್ಲಿ ನಾಯಿಕೆಯು ಮೊದಲನೆಯ ಪ್ರಕರಣದಲ್ಲಿಯೇ ಮೂರ್ಛೆ ಹೋಗುವುದು ವಾಡಿಕೆ. ನಾನು ಹೇಳಹೊರಟಿರುವ ಸಂಗತಿಯಲ್ಲಿಯೂ ಮೂರ್ಛೆಯುಂಟು. ಆದರೆ ಮೂರ್ಛೆ ಹೋದದ್ದು ಎರಡೆಲೆಯ ಬದನೆಸಸಿಗಳು, ಅದಕ್ಕೆ ಕಾರಣನಾದವನು ನಾನು. ಖಡ್ಗಪ್ರಹಾರವನ್ನೂ ಗುಪ್ತದ್ವಾರವನ್ನೂ ನಿರೀಕ್ಷಿಸುವ ಮಹಾಶಯರು ಇಲ್ಲಿಯೇ ಪುಸ್ತಕವನ್ನು ಮುಚ್ಚಿದರೆ ನನ್ನ ಆಕ್ಷೇಪಣೆಯಿಲ್ಲ. ಒಂದು ಹಿಡಿ ಸಸಿಗಾಗಿ ಒಂದು ಮನೆಯೆಲ್ಲವೂ ಚಳಿಯೊಡನೆ ಹೇಗೆ ಹೆಣಗಿತೆಂಬುದನ್ನು ಕೇಳಲು ಮನಸ್ಸುಳ್ಳವರು ದಯಮಾಡಿ ಮುಂದುವರಿಯಬೇಕು.

ಆ ವರ್ಷದ ಮಾರ್ಗಶಿರ ಮಾಸದಲ್ಲಿ ನಾನು ಬೀರೂರನ್ನು ಬಿಟ್ಟು, ಅಜ್ಜಂಪುರದಲ್ಲಿ ರೈಲಿಳಿದು, ಕಾಲು ಎಳೆದತ್ತ ನಡೆದು ಬುಕ್ಕಾಂಬುಧಿಗೆ ಬಂದೆ. ಒಂದೇ ಊರಿನಲ್ಲಿ ಒಂದು ತಿಂಗಳಿಗಿಂತ ಹೆಚ್ಚಾಗಿ ನಿಂತರೆ ನನ್ನ ಅಂಗಾಲು ಉರಿಯತೊಡಗುತ್ತದೆ. ಅಮಲ್ದಾರರಿಗೆ ಅರ್ಜಿ ಬರೆದುಕೊಡುವುದು, ಅಂಚೆಯಲ್ಲಿ ಬಂದ ಕಾಗದವನ್ನು ಓದಿ ಹೇಳುವುದು, ಇದು ನನ್ನ ಕಸುಬು. ಶಾಲೆಯಲ್ಲಿ ಕಲಿತದ್ದು ಮೂರನೆಯ ಪುಸ್ತಕದವರೆಗೆ. ಮಿಕ್ಕ ವಿದ್ಯೆಯೆಲ್ಲವೂ ಸ್ಟೇಷನ್ನುಗಳಲ್ಲಿ ಮಾರುವ ಅಗ್ಗದ ಕಾದಂಬರಿಗಳ ಪ್ರಸಾದ. ಆದರೂ ಹೋದೆಡೆಯಲ್ಲೆಲ್ಲ ಜನರು ನನ್ನನ್ನು ಮೇಷ್ಟ್ರೆಂದು ಕರೆಯುತ್ತಿದ್ದರು. ನಾನು ಅದನ್ನು ಎಂದೂ ತಿದ್ದಿದವನಲ್ಲ.

ಬುಕ್ಕಾಂಬುಧಿಯಲ್ಲಿ ನನಗೆ ಜಗಲಿಯನ್ನು ಕೊಟ್ಟವನು ಷಡಕ್ಷರಿ. ಒಂದಿಷ್ಟು ಖುಷ್ಕಿ ಜಮೀನು, ಮೂವತ್ತು ತೆಂಗಿನ ಮರ, ಎರಡು ಎತ್ತು ಉಳ್ಳ ಶಿವಭಕ್ತ ಒಕ್ಕಲು. ಅಣ್ಣನ ಹೆಸರಿನಲ್ಲಿದ್ದ ಖಾತೆಯನ್ನು ತನ್ನ ಹೆಸರಿಗೆ ಮಾಡಿಕೊಡಬೇಕೆಂದು ಅವನಿಗೊಂದು ಅರ್ಜಿ ಬೇಕಾಗಿತ್ತು. ಅದನ್ನು ಬರೆಯಲು ನನಗೆ ಎರಡು ದಿವಸ ಸಾಕಾಯಿತು. ಆದರೆ ನಾನು ಆ ಮನೆಯಲ್ಲಿ ಉಳಿದದ್ದು ಎರಡು ತಿಂಗಳಿಗೂ ಮೇಲು.

ಮೊದಲನೆಯ ದಿವಸ ಬೆಳಿಗ್ಗೆ ಹಿತ್ತಲಿನಿಂದ ಹೆಂಗಸೊಬ್ಬಳ ದನಿ ಕೇಳಿಸಿತು.

"ಏನ್ರವ್ವಾ, ಇನ್ನೂ ಏಳಾಕಿಲ್ವಾ? ಹೊತ್ತು ಮೂಡಿ ಎಷ್ಟೊತ್ತಾಯ್ತು! ನಿಮ್ಮ ವಯಸ್ನಲ್ಲಿ ನಾನು ಮೂರು ಬಿಂದಿಗೆ ನೀರು ತರ್ತಿದ್ದೆ."

ಮನೆಯ ಸೊಸೆಯಂದಿರನ್ನು ಗದರಿಸುತ್ತಿರುವಳೆಂದು ತಿಳಿದು ನಾನು ಸಂಕೋಚದಿಂದ ಕಿವಿಯನ್ನು ಬೇರೆ ಕಡೆಗೆ ತಿರುಗಿಸಿದೆನು. ಷಡಕ್ಷರಿ ನಕ್ಕನು.

"ನಮ್ಮನೇವ್ಳು ಕಣ್ರೀ ಮೇಷ್ಟ್ರೇ, ಕಲ್ಲಮ್ಮ. ಅವ್ಳಿಗೆ ಹಿತ್ಲಲ್ಲಿ ಇನ್ನೂರು ಜನ ಹೆಣ್ಮಕ್ಕಳವ್ರೆ. ಎಲ್ರೂ ಸೋಮಾರಿಗಳು."

ಹೋಗಿ ನೋಡಿದೆ. ಹಿತ್ತಲಿನ ಮೂಡಣ ಗೋಡೆಯ ಬುಡದಲ್ಲಿ, ಗಾಳಿ ತಾಗದಿರಲೆಂದು, ಒಂದು ಮಂಚದಷ್ಟಗಲ ಎತ್ತರಿಸಿ ಕಟ್ಟಿದ ಸಸಿಯ ಮಡಿ. ಅದರ ತುಂಬ ಬದನೆಯ ಮೊಳಕೆಗಳು. ಪ್ರತಿಯೊಂದಕ್ಕೂ ಎರಡೇ ಎಲೆ. ಎಲೆಯ ಅಡಿಭಾಗ ನೇರಳೆಬಣ್ಣಕ್ಕೆ ತಿರುಗಿತ್ತು. ಅಂಚು ಒಳಕ್ಕೆ ಮುದುಡಿತ್ತು. ಕಲ್ಲಮ್ಮನ ಮಗಳು ಮಲ್ಲಿಕಾಂಬ, ಹದಿನಾರರ ಹುಡುಗಿ, ಒಂದು ನೂಲನ್ನು ಸಸಿಯ ಪಕ್ಕಕ್ಕೆ ಹಿಡಿದು ಅಳೆಯುತ್ತಿದ್ದಳು.

"ಅವ್ವ, ಮೊನ್ನೆ ಹಾಕಿದ ಗಂಟು ಹಂಗೇ ಅದೆ. ಒಂದೆಳ್ಳಿನಷ್ಟೂ ಬೆಳೆದಿಲ್ಲ."

"ಬೆಳೀತವೆ ಸುಮ್ನಿರೇ. ಅಳೀತಾ ಕೂತ್ರೆ ಯಾರು ತಾನೇ ಬೆಳೀತಾರೆ?" ಎಂದಳು ಕಲ್ಲಮ್ಮ. ಆದರೆ ಅವಳ ಮುಖದಲ್ಲಿ ನಗುವಿರಲಿಲ್ಲ.

ಆ ಸಸಿಗಳ ಪೂರ್ವೋತ್ತರವನ್ನು ಅವಳೇ ನನಗೆ ಹೇಳಿದಳು. ಕಲ್ಲಮ್ಮನು ಮದುವೆಯಾಗಿ ಈ ಮನೆಗೆ ಬಂದಾಗ ಅವಳ ತಾಯಿ ಒಂದು ಪುಟ್ಟ ಬುಟ್ಟಿಯಲ್ಲಿ ಬದನೆಸಸಿಗಳನ್ನು ಇಟ್ಟುಕೊಟ್ಟಿದ್ದಳು. ಆ ತಾಯಿಗೆ ಅವಳ ತಾಯಿಯೂ ಹಾಗೆಯೇ ಕೊಟ್ಟಿದ್ದಳಂತೆ. ಹಸುರು ಮೈಯ ಮೇಲೆ ಬಿಳಿಯ ಗೀರುಗಳಿರುವ, ನಿಂಬೆಗಿಂತ ತುಸು ದೊಡ್ಡದಾದ ಗುಂಡು ಬದನೆ. ಎಣ್ಣೆಗಾಯಿ ಮಾಡಿದರೆ ತೊಟ್ಟು ಮಾತ್ರ ಕೈಯಲ್ಲಿ ಉಳಿಯುವುದು. ಸುತ್ತಮುತ್ತ ಬೇರೆಲ್ಲಿಯೂ ಆ ತಳಿಯಿಲ್ಲ. ತಾಯಿ ತೀರಿಹೋದ ಮೇಲೆ ತವರಿನಲ್ಲಿಯೂ ಇಲ್ಲ. ಆ ವರ್ಷ ಬೀಜಕ್ಕೆಂದು ಒಲೆಯ ಮೇಲೆ ತೂಗುಹಾಕಿದ್ದ ಹಣ್ಣುಗಳನ್ನು ಇಲಿಗಳು ತಿಂದುಹಾಕಿದವು. ಬೇರೆ ಬೀಜ ಹುಡುಕಿ ಆಷಾಢದಲ್ಲಿ ಬಿತ್ತಬೇಕೆನ್ನುವಾಗ ಕಲ್ಲಮ್ಮ ಜ್ವರದಿಂದ ಎರಡು ತಿಂಗಳು ಮೇಲೇಳಲಿಲ್ಲ. ಕಾರ್ತಿಕದಲ್ಲಿ ಮಡಕೆಗಳ ಸಂದಿನಲ್ಲಿ ಮೂರು ವರ್ಷದ ಹಿಂದಿನ ಒಂದು ಬೀಜದ ಪೊಟ್ಟಣ ಸಿಕ್ಕಿತು. ಮುಂದಿನ ಮಳೆಯವರೆಗೆ ಇಟ್ಟರೆ ಆ ಹಳೆಯ ಬೀಜ ಹುಟ್ಟಲಾರದೆಂದು ಹೆದರಿ ಎಲ್ಲವನ್ನೂ ಆಗಲೇ ಬಿತ್ತಿಬಿಟ್ಟಳು.

"ಕಾಲ ಅಲ್ಲ ಅಂತ ಗೊತ್ತು ಕಣಪ್ಪ. ಬದನೆ ಸಸೀಗೆ ಬೆಚ್ಚಗಿರ್ಬೇಕು. ಏನ್ ಮಾಡ್ಲಿ? ಮಾಗದಲ್ಲಿ ಇವ್ಳನ್ನ ಗಂಡನ ಮನೆಗೆ ಕಳಿಸ್ಬೇಕು."

ಮಲ್ಲಿಕಾಂಬೆಯ ಮದುವೆ ಹಿಂದಿನ ವೈಶಾಖದಲ್ಲಿ ತರೀಕೆರೆಯ ಬಸವರಾಜಪ್ಪನೆಂಬ ವರನೊಡನೆ ಆಗಿತ್ತು. ಮಾಘ ಶುದ್ಧ ಪಂಚಮಿಗೆ ಅವಳನ್ನು ಕಳುಹಿಸುವುದೆಂದು ಬೀಗರೊಡನೆ ನಿಶ್ಚಯವಾಗಿತ್ತು. ಅಷ್ಟರೊಳಗೆ ಸಸಿಗಳಿಗೆ ನಾಲ್ಕೆಲೆ ಬರಬೇಕು. ಬಾರದೆ ಸತ್ತುಹೋದರೆ ಮಗಳ ಬುಟ್ಟಿಯೂ ಬರಿದು, ತಳಿಯೂ ಅಲ್ಲಿಗೆ ಮುಗಿಯಿತು.

ಆ ಊರಿನ ಚಳಿಯೋ, ಕೆರೆಯ ಚಳಿ. ಮುಂಜಾನೆ ಮಂಜು ದೊಡ್ಡ ಕೆರೆಯಿಂದೆದ್ದು, ಏರಿಯನ್ನು ದಾಟಿ, ತಗ್ಗಿನಲ್ಲಿದ್ದ ಹಿತ್ತಲುಗಳಿಗೆ ಇಳಿದು ಅಲ್ಲಿಯೇ ಕೂರುತ್ತಿತ್ತು. ಇದರ ಮೇಲೆ ಕಲ್ಲಮ್ಮನು ಬೇಸಿಗೆಯ ಅಭ್ಯಾಸದಂತೆ ಸಂಜೆ ಹೊತ್ತು ಕೆರೆಯ ನೀರನ್ನೇ ಚಿಮುಕಿಸುತ್ತಿದ್ದಳು.

ಒಂದು ದಿವಸ ಷಡಕ್ಷರಿ ಅಜ್ಜಂಪುರದ ಸಂತೆಯಿಂದ ಬೆಲ್ಲ ಕಟ್ಟಿಸಿಕೊಂಡು ಬಂದನು. ಬೆಲ್ಲ ಸುತ್ತಿದ್ದ ಕಾಗದವು ಬೇಸಾಯದ ಇಲಾಖೆಯವರು ರೈತರಿಗೆ ಹಂಚುವ ಒಂದು ಕರಪತ್ರ; ಚಳಿಗಾಲದಲ್ಲಿ ತರಕಾರಿ ಸಸಿಗಳನ್ನು ಕಾಪಾಡುವ ವಿಷಯವೇ ಅದರಲ್ಲಿತ್ತು. ಮನೆಯವರೆಲ್ಲರೂ ನನ್ನ ಸುತ್ತ ಕುಳಿತರು. ನಾನು ಗಂಟಲನ್ನು ಸರಿಮಾಡಿಕೊಂಡು ಓದಿದೆನು:

"ಸಸಿಮಡಿಗಳನ್ನು ರಾತ್ರಿಯಲ್ಲಿ ದಪ್ಪ ಹೊದಿಕೆಯಿಂದ ಮುಚ್ಚತಕ್ಕದ್ದು. ಸಾಯಂಕಾಲ ನೀರು ಹಾಕಕೂಡದು. ಹೊತ್ತೇರಿದ ಮೇಲೆ ಬಾವಿಯ ನೀರನ್ನು ಹಾಕುವುದು ಲೇಸು. ಪ್ರಾತಃಕಾಲದ ಆತಪವು ಎಳೆಯ ಸಸಿಗಳಿಗೆ ಅತ್ಯಾವಶ್ಯಕವಾದುದರಿಂದ ಅದಕ್ಕೆ ಲೋಪ ಬಾರದಂತೆ ನೋಡಿಕೊಳ್ಳತಕ್ಕದ್ದು."

"ಆತಪ ಅಂದ್ರೇನು ಮೇಷ್ಟ್ರೇ?" ಎಂದು ಕೇಳಿದಳು ಮಲ್ಲಿಕಾಂಬ.

ವಾಚಕ ಮಹಾಶಯರೇ, ನಾನು ಒಂದು ಕ್ಷಣವೂ ತಡೆಯಲಿಲ್ಲ. ನಾನು ಓದಿದ ಕಾದಂಬರಿಗಳಲ್ಲಿ ರಾಜಾಧಿರಾಜರು ಸಭೆಗೆ ಚಿತ್ತೈಸುವಾಗಲೆಲ್ಲ ಅವರ ತಲೆಯ ಮೇಲೆ ಶ್ವೇತಾತಪತ್ರವೆಂಬ ಬಿಳಿಯ ಕೊಡೆಯನ್ನು ಹಿಡಿಯುತ್ತಿದ್ದರು. ಶ್ವೇತ ಎಂದರೆ ಬಿಳಿ; ಪತ್ರ ಎಂದರೆ ಎಲೆ, ಅದು ಅಲಂಕಾರಕ್ಕೆ ಸೇರಿದ್ದು; ನಡುವೆ ಉಳಿದದ್ದು ಆತಪ.

"ಆತಪವೆಂದರೆ ಕೊಡೆ. ಬೆಳಗಿನ ಹೊತ್ತು ಸಸಿಗಳ ಮೇಲೆ ನೆರಳಿನ ಮರೆಯಿರಬೇಕೆಂದು ಅರ್ಥ" ಎಂದೆನು.

"ನೋಡಿದ್ಯಾ, ಓದ್ದೋರು ಮನೇಲಿದ್ರೆ ಇದು ಲಾಭ" ಎಂದನು ಷಡಕ್ಷರಿ.

ಹೊದಿಕೆಗೆಂದು ನೆರೆಮನೆಯ ಕುರುಬರ ಬೀರಪ್ಪನು ತನ್ನ ಎರಡು ಕರಿ ಕಂಬಳಿಗಳನ್ನು ಕೊಟ್ಟು, ಕುರಿಗಳ ಹಿಂದೆ ಶಿವನಿಯ ಕಡೆಗೆ ಹೊರಟುಹೋದನು. ಸಂಜೆಯ ನೀರು ನಿಂತು, ಹೊತ್ತೇರಿದ ಮೇಲೆ ಬಾವಿಯ ನೀರು ಬಂದಿತು. ಬೆಳಗಾಗುತ್ತಲೇ ಕಂಬಳಿಯನ್ನು ತೆಗೆದು, ನನ್ನ ಆತಪವನ್ನು, ಎಂದರೆ ಹೆಣೆದ ತೆಂಗಿನ ಗರಿಗಳ ಚಪ್ಪರವನ್ನು, ಮಡಿಯ ಮೇಲೆ ಮೊಳದೆತ್ತರಕ್ಕೆ ನಿಲ್ಲಿಸುತ್ತಿದ್ದೆವು. ಮಧ್ಯಾಹ್ನ ಊಟವಾದ ಮೇಲೆ ತೆಗೆಯುತ್ತಿದ್ದೆವು. ಗರಿಗಳನ್ನು ನಾನೇ ಹೆಣೆದಿದ್ದೆನು. ಬೆರಳಿಗೆ ಸಿಬಿರು ಚುಚ್ಚಿದಾಗ ಕಲ್ಲಮ್ಮ ಸೂಜಿಯಿಂದ ಅದನ್ನು ತೆಗೆದು, "ನಮ್ಮ ಬದ್ನೆಗೋಸ್ಕರ ರಕ್ತ ಸುರಿಸ್ತಿಯಲ್ಲಪ್ಪ" ಎಂದು ಅರಿಶಿನ ಮೆತ್ತಿದಳು. ಅಂದಿನಿಂದ ನನ್ನ ರೊಟ್ಟಿಯ ಮೇಲೆ ಬೆಣ್ಣೆ ಹೆಚ್ಚಾಯಿತು.

ಹದಿನೈದು ದಿವಸ ಕಳೆದವು. ಸಸಿಗಳು ಎದ್ದವು, ಆದರೆ ಆರೋಗ್ಯದಿಂದಲ್ಲ. ಕಾಂಡವು ನೂಲಿನಂತೆ ತೆಳ್ಳಗಾಗಿ, ಬೆಳಕು ಕಂಡ ಕಡೆಗೆ ಬಾಗಿತು. ಎಲೆ ಬಿಳಚಿತು. ದಿನವೂ ಹತ್ತಾರು ಸಸಿಗಳು, ಮಣ್ಣಿನ ಮಟ್ಟದಲ್ಲಿ ಕೊರಳು ಕೊಳೆತು, ಸದ್ದಿಲ್ಲದೆ ಮಲಗಿದವು. ಕಲ್ಲಮ್ಮ ಅವುಗಳನ್ನು ಒಂದೊಂದಾಗಿ ಆರಿಸಿ ಸೆರಗಿನಲ್ಲಿ ಹಾಕಿಕೊಳ್ಳುವಳು. ಈಗ ಅವಳು ಸಸಿಗಳನ್ನು ಬೈಯುತ್ತಿರಲಿಲ್ಲ. ಬೈಯುವುದನ್ನು ನಿಲ್ಲಿಸಿದಳೆಂಬುದೇ ಮನೆಯಲ್ಲಿ ಎಲ್ಲರಿಗೂ ಭಾರವಾಯಿತು. ಷಡಕ್ಷರಿಯು ಅವಳನ್ನು ಕೆಣಕಲು ಏನೇನೋ ಹೇಳಿ ನೋಡಿದನು, ಅವಳು ತಲೆಯೆತ್ತಲಿಲ್ಲ.

ಪುಷ್ಯದ ಒಂದು ಬೆಳಿಗ್ಗೆ ಬೀರಪ್ಪನು ಹಿಂದಿರುಗಿ ಬಂದು, ಕಂಬಳಿಯ ಯೋಗಕ್ಷೇಮವನ್ನು ನೋಡಿಕೊಳ್ಳಲು ಹಿತ್ತಲಿಗೆ ಬಂದನು. ಚಪ್ಪರವನ್ನು ಕಂಡು ಬಾಯಿ ತೆರೆದನು.

"ಇದ್ಯಾಕವ್ವ ಹಿಂಗೆ ಮುಚ್ಚಾಕಿದ್ದೀರಾ ಬೆಳಿಗ್ಗೆ ಬೆಳಿಗ್ಗೇನೇ?"

"ಕಾಗದದಲ್ಲಿ ಹಂಗಂತ ಬರೆದವ್ರೆ ಬೀರಪ್ಪ."

"ಕಾಗದಕ್ಕೆ ಚಳಿ ಆಯ್ತದಾ? ನಮ್ಮ ಕುರಿಮರೀನ ರಾತ್ರಿಯೆಲ್ಲ ಕಂಬ್ಳೀಲಿ ಸುತ್ತಿ ಮಲಗಿಸ್ತೀವಿ ನಿಜ. ಹೊತ್ತು ಮೂಡುತ್ಲೂ ಬಿಸ್ಲಿಗೆ ಬಿಡ್ದಿದ್ರೆ ಕಾಲು ಸೆಟ್ಕೊಂಡು ಸತ್ತೋಯ್ತವೆ. ಇವೂ ಮರಿಗಳೇ ಅಲ್ವಾ?"

ಅವನ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ನಿಂತಿತು. ಜಗಲಿಗೆ ಬಂದು ಕರಪತ್ರವನ್ನು ಬಿಡಿಸಿದೆನು. ಹಿಂಬದಿಗೆ ಬೆಲ್ಲದ ಪಾಕ ಅಂಟಿಕೊಂಡಿದ್ದುದರಿಂದ ಅದನ್ನು ನಾನು ಓದಿಯೇ ಇರಲಿಲ್ಲ. ಒದ್ದೆಬಟ್ಟೆಯಿಂದ ಒರಸಿದೆನು. ಅಲ್ಲಿ ಹೀಗಿತ್ತು: "ಬೇಸಿಗೆಯಲ್ಲಿ ಮಧ್ಯಾಹ್ನದ ಆತಪವು ಪ್ರಖರವಾಗಿ ಸಸಿಗಳನ್ನು ಬಾಡಿಸುವುದರಿಂದ ಆಗ ಮಾತ್ರ ನೆರಳು ಮಾಡತಕ್ಕದ್ದು."

ಕೊಡೆಯು ಪ್ರಖರವಾಗುವುದೆಂತು? ಕೊಡೆಯು ಸಸಿಯನ್ನು ಬಾಡಿಸುವುದೆಂತು? ಆತಪವೆಂದರೆ ಬಿಸಿಲು. ಬಿಸಿಲಿನಿಂದ ಕಾಪಾಡುವುದೇ ಆತಪತ್ರ. ರಾಜರ ತಲೆಯ ಮೇಲಿದ್ದ ಶಬ್ದವನ್ನು ನಡುವೆ ಕತ್ತರಿಸಿ ತಂದು, ಚಳಿಯಲ್ಲಿ ನಡುಗುತ್ತಿದ್ದ ಸಸಿಗಳಿಗೆ ಅವುಗಳ ಏಕಮಾತ್ರ ಔಷಧವನ್ನು ಹದಿನೈದು ದಿವಸ ತಪ್ಪಿಸಿದವನು ನಾನು.

ಆ ಕ್ಷಣವೇ ಹೊರಟುಬಿಡಬಹುದಾಗಿತ್ತು. ನಾನು ಬಿಟ್ಟುಬಂದ ಊರುಗಳಲ್ಲಿ ಎಷ್ಟನ್ನೋ ಹೀಗೆಯೇ ಬಿಟ್ಟುಬಂದಿದ್ದೇನೆ. ಗಂಟನ್ನು ಕೈಗೆ ತೆಗೆದುಕೊಂಡೂ ಇದ್ದೆನು. ಅಷ್ಟರಲ್ಲಿ ಕಲ್ಲಮ್ಮನು ಒಳಗಿನಿಂದ, "ತಮ್ಮಾ, ರೊಟ್ಟಿ ಆರೋಯ್ತದೆ, ಬಾರಪ್ಪ" ಎಂದು ಕೂಗಿದಳು. ನಾನು ಗಂಟನ್ನಿಟ್ಟು, ಒಳಗೆ ಹೋಗಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದೆನು. ಆತಪತ್ರದ ವಿಷಯವನ್ನೂ, ಬೆಲ್ಲದ ಪಾಕವನ್ನೂ, ನಾನು ಮೇಷ್ಟ್ರಲ್ಲವೆಂಬುದನ್ನೂ.

ಕಲ್ಲಮ್ಮ ಹೆಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿಹಾಕಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಹಂಗಾರೆ ನನ್ ಮಕ್ಕಳು ಬಿಸ್ಲಿಲ್ದೆ ಸತ್ರು?"

"ಹೌದಮ್ಮ."

"ಎಷ್ಟು ಉಳಿದವೆ ಮಲ್ಲೀ?"

"ಐವತ್ತೋ ಅರವತ್ತೋ, ಅವ್ವ."

"ಹೋಗಿ ಆ ಗರಿ ಕಿತ್ತಾಕು ಮೊದ್ಲು. ನೀನು ಕೂತ್ಕೊಳಪ್ಪ, ತಿನ್ನು. ಹಸ್ಕೊಂಡ್ರೆ ಸತ್ತೋರು ಎದ್ದು ಬತ್ತಾರಾ?" ಎಂದು ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು. ಬೆಣ್ಣೆಯನ್ನು ಮಾತ್ರ ಹಾಕಲಿಲ್ಲ. ಮಲ್ಲಿಕಾಂಬ ಬಾಗಿಲಲ್ಲಿ ತಿರುಗಿ ನಿಂತು, "ಅವ್ವ, ಕೊಡೆ ಮೇಷ್ಟ್ರಿಗೆ ಇನ್ನೊಂದು ರೊಟ್ಟಿ ಹಾಕು" ಎಂದಳು. ಷಡಕ್ಷರಿಗೆ ನಗು ತಡೆಯಲಾಗದೆ ಮಜ್ಜಿಗೆ ನೆತ್ತಿಗೇರಿತು. ಕಲ್ಲಮ್ಮನೂ ಸೆರಗನ್ನು ಬಾಯಿಗೆ ಹಿಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ನೋಡುವ ಧೈರ್ಯಮಾಡಲಿಲ್ಲ. ಅಂದಿನಿಂದ ಆ ಊರಿನಲ್ಲಿ ನಾನು ಕೊಡೆ ಮೇಷ್ಟ್ರು.

ಗರಿಯನ್ನು ಕಿತ್ತದ್ದಾಯಿತು. ಆದರೂ ಬಿಸಿಲು ಮಡಿಗೆ ಇಳಿಯಲಿಲ್ಲ. ಗಾಳಿಗೆ ಮರೆಯೆಂದು ಕಲ್ಲಮ್ಮ ಆರಿಸಿಕೊಂಡಿದ್ದ ಮೂಡಣ ಗೋಡೆಯೇ ಬೆಳಗಿನ ಸೂರ್ಯನಿಗೆ ಅಡ್ಡವಾಗಿ ನಿಂತಿತ್ತು. ಮಾರನೆಯ ಬೆಳಿಗ್ಗೆ ಢಮಾರೆಂಬ ಸದ್ದು ಕೇಳಿ ಓಡಿಹೋದರೆ, ಷಡಕ್ಷರಿಯು ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು, ಹಾರೆಯಿಂದ ಅದರ ನೆತ್ತಿಯನ್ನು ಆಚೆಯ ಬೀದಿಗೆ ಉರುಳಿಸುತ್ತಿದ್ದನು. ಎದೆಯೆತ್ತರದ ಗೋಡೆ ಮೊಣಕಾಲಿನೆತ್ತರಕ್ಕೆ ಇಳಿಯಿತು.

"ಅಯ್ಯೋ, ಇದೇನ್ರೀ ಇದು!" ಎಂದಳು ಕಲ್ಲಮ್ಮ.

"ಗೋಡೆ ಮತ್ತೆ ಕಟ್ಬೋದು ಕಣೇ."

ಕಲ್ಲಮ್ಮ ನನ್ನ ಕಡೆ ತಿರುಗಿದಳು. "ನೋಡಪ್ಪ, ಇಪ್ಪತ್ತು ವರ್ಷದಿಂದ ಇದರ ಬಿರುಕು ಮುಚ್ರೀ ಅಂತ ಬಡ್ಕೊಂಡೆ, ಏಳ್ಲಿಲ್ಲ. ಕೆಡವೋಕೆ ಮಾತ್ರ ಕೋಳಿ ಕೂಗೋ ಮುಂಚೆ ಎದ್ದವ್ರೆ." ಹಾಗೆನ್ನುತ್ತ ತಾನೇ ಮಣ್ಣಿನ ಹೆಂಟೆಗಳನ್ನು ಎತ್ತಿಹಾಕತೊಡಗಿದಳು. ಬೀದಿಯಿಂದ ಬೀರಪ್ಪನು ನೋಡುತ್ತ ನಿಂತಿದ್ದನು. "ಲೇ ಬೀರಪ್ಪ, ನಿನ್ ಕುರಿ ಈ ಕಡೆ ಮೂತಿ ಹಾಕಿದ್ರೆ ಕಂಬಳಿ ವಾಪಸ್ ಇಲ್ಲ ಕಣೋ" ಎಂದು ಷಡಕ್ಷರಿ ಕೂಗಿದನು.

ಅಂದು ಮೊದಲ ಬಿಸಿಲು ನೇರವಾಗಿ ಮಡಿಯ ಮೇಲೆ ಬಿದ್ದಿತು. ಎಲೆಗಳ ಮೇಲಿನ ಹನಿಗಳು ಒಂದು ಗಳಿಗೆಯಲ್ಲಿ ಆರಿದವು. ನಾಲ್ಕು ದಿವಸಗಳಲ್ಲಿ ಕೊಳೆಯುವುದು ನಿಂತಿತು. ಬಿಳಚಿಕೊಂಡಿದ್ದ ಎಲೆಗಳಿಗೆ ಹಸುರು ತಿರುಗಿತು. ಬಾಗಿದ್ದ ಸಸಿಗಳಿಗೆ ಮಲ್ಲಿಕಾಂಬ ಬುಡಕ್ಕೆ ಮಣ್ಣೇರಿಸಿದಳು. ಆದರೆ ಚಳಿ ಒಮ್ಮೆ ಕಚ್ಚಿದ ಸಸಿಯು ಬಿಸಿಲು ಕಂಡಕೂಡಲೇ ಓಡಲಾರದು. ಅದು ಮೊದಲು ಬೇರಿನಲ್ಲಿ ತನ್ನನ್ನು ತಾನು ಸರಿಪಡಿಸಿಕೊಳ್ಳುವುದು. ಪುಷ್ಯ ಮುಗಿಯುವ ಹೊತ್ತಿಗೆ ಉಳಿದದ್ದು ಮೂವತ್ತೊಂದು ಸಸಿ. ಎರಡೆಲೆಗಳ ನಡುವೆ ಅಕ್ಕಿಕಾಳಿನಷ್ಟು ಮೂರನೆಯ ಎಲೆ.

ಪಂಚಮಿ ಬಂದಿತು. ಮಡಿಲಕ್ಕಿ ಕಟ್ಟಿದ್ದಾಯಿತು. ಬಂಡಿ ಬಾಗಿಲಿಗೆ ಬಂದಿತು. ಮಲ್ಲಿಕಾಂಬ ರೇಷ್ಮೆಯ ಸೀರೆಯಲ್ಲಿಯೇ ಹಿತ್ತಲಿಗೆ ಹೋಗಿ ಮಡಿಯ ಮುಂದೆ ಕುಳಿತಳು.

"ಅವ್ವ, ನಾಕೇ ನಾಕು ಕೊಡು. ಮಡ್ಲಲ್ಲಿಟ್ಕೊಂಡು ಹೋಯ್ತೀನಿ."

"ಈಗ ಕಿತ್ರೆ ಸತ್ತೋಯ್ತವೆ ಕಣೇ. ಎಳೇವು."

"ನಿಮ್ಮವ್ವ ನಿಂಗೆ ಕೊಟ್ಟಿದ್ಲು."

"ನಮ್ಮವ್ವ ಕಾಲಕ್ಕೆ ಸರಿಯಾಗಿ ಬಿತ್ತಿದ್ಲು. ನಾನು ಬಿತ್ಲಿಲ್ಲ." ಕಲ್ಲಮ್ಮ ಮಗಳ ಕೆನ್ನೆಯನ್ನು ಮಣ್ಣಿನ ಕೈಯಿಂದಲೇ ಒರಸಿದಳು. "ಬುಟ್ಟಿ ಬರಿದು ಅಂತ ನಿಮ್ಮತ್ತೆ ಏನಾದ್ರೂ ಅಂದ್ರೆ, ನಮ್ಮವ್ವ ಬುದ್ಧಿಗೇಡಿ ಅನ್ನು. ಅಳ್ಬ್ಯಾಡ. ಕಣ್ಣು ಊದಿಸ್ಕೊಂಡು ಹೋದ್ರೆ ಅಳಿಯಂದ್ರು ನನ್ನ ಬೈತಾರೆ."

ಬಂಡಿ ಹೊರಟುಹೋಯಿತು. ಆ ಸಂಜೆ ಕಲ್ಲಮ್ಮ ಎಂದಿಗಿಂತ ಮೊದಲೇ ಕಂಬಳಿಯನ್ನು ಹೊದಿಸಿ, ನಾಲ್ಕು ಮೂಲೆಗಳನ್ನೂ ಕೈಯಿಂದ ಒತ್ತಿ ಒತ್ತಿ ಸೇರಿಸಿದಳು. ನಾನು ಊರು ಬಿಡುವ ಮಾತನ್ನೆತ್ತಲಿಲ್ಲ. ಅರ್ಜಿ ಬರೆಸುವವರಿಗೂ ಬರುವ ವಾರ ಬನ್ನಿರೆಂದು ಹೇಳಿ, ಬಾವಿಯ ನೀರು ಸೇದುವುದನ್ನೂ ಮುಂಜಾನೆ ಕಂಬಳಿ ತೆಗೆಯುವುದನ್ನೂ ನನ್ನ ಕೆಲಸವನ್ನಾಗಿ ಮಾಡಿಕೊಂಡೆನು.

ಮಾಘದ ಹುಣ್ಣಿಮೆ ಕಳೆಯಿತು. ಒಂದು ದಿವಸ ಬೆಳಿಗ್ಗೆ ಏರಿಯ ಮೇಲೆ ಮಂಜಿರಲಿಲ್ಲ. ಮಡಿಯ ಮಣ್ಣಿಗೆ ಕೈಯಿಟ್ಟರೆ ತಣ್ಣಗೆನ್ನಿಸಲಿಲ್ಲ. ಅಲ್ಲಿಂದಾಚೆಗೆ ಸಸಿಗಳನ್ನು ತಡೆಯುವವರಿಲ್ಲವಾದರು. ಮೂರು ದಿವಸಕ್ಕೊಂದು ಎಲೆ. ಕಾಂಡ ಪೆನ್ಸಿಲಿನಂತೆ ಗಟ್ಟಿಯಾಯಿತು. ಎಲೆಯ ನಡುನರದ ಮೇಲೆ ಸಣ್ಣ ಸಣ್ಣ ಮುಳ್ಳುಗಳೆದ್ದವು. ಕಲ್ಲಮ್ಮ ಬೈಯತೊಡಗಿದಳು.

"ಈಗ ಬಂದ್ರಾ ಮಹಾರಾಣಿಯರು! ದಿಬ್ಬಣ ಹೋಗಿ ಹದ್ನೈದು ದಿನಕ್ಕೆ ಸಿಂಗಾರ ಮಾಡ್ಕೊಂಡ್ರಾ?"

ಐದೆಲೆಯಾದ ದಿವಸ ಅವಳು ಹದಿನಾರು ಸಸಿಗಳನ್ನು ಬೇರಿನ ಮಣ್ಣು ಉದುರದಂತೆ ಎತ್ತಿ, ಪ್ರತಿಯೊಂದರ ಬುಡಕ್ಕೂ ಬಾಳೆಪಟ್ಟೆಯನ್ನು ಸುತ್ತಿ, ಬುಟ್ಟಿಯಲ್ಲಿ ನಿಲ್ಲಿಸಿದಳು. ಉಳಿದ ಹದಿನೈದು ಮಡಿಯಲ್ಲಿಯೇ ಉಳಿದವು. ಷಡಕ್ಷರಿ ಕಡಲೆಯ ಒಕ್ಕಣೆಯ ನಡುವೆ ಇದ್ದನು. ಇನ್ನು ಎಂಟು ದಿವಸ ಕಣ ಬಿಟ್ಟು ಕದಲುವಂತಿರಲಿಲ್ಲ. ಕಿತ್ತ ಸಸಿ ಎಂಟು ದಿವಸ ಕಾಯುವುದಿಲ್ಲ.

"ನಾನು ತೆಗೆದುಕೊಂಡು ಹೋಗುತ್ತೇನಮ್ಮ" ಎಂದೆನು.

ಗಂಡಹೆಂಡಿರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

"ಬೀರೂರಲ್ಲಿ ಗಾಡಿ ಬದ್ಲಾಯಿಸ್ಬೇಕು ಕಣಪ್ಪ" ಎಂದನು ಷಡಕ್ಷರಿ ಅನುಮಾನದಿಂದ. "ಅಲ್ಲಿ ಪುಸ್ತಕದ ಅಂಗಡಿ ಮುಂದೆ ನಿಂತ್ಕೊಂಡೆ ಅಂದ್ರೆ ತರೀಕೆರೆ ಗಾಡಿ ಹೋಗ್ಬಿಡ್ತದೆ."

"ನಿಲ್ಲುವುದಿಲ್ಲ."

"ನಿಂತ್ರೂ ಬುಟ್ಟೀನ ನೆಲಕ್ಕಿಡ್ಬ್ಯಾಡ" ಎಂದಳು ಕಲ್ಲಮ್ಮ. "ರೈಲಿನ ಕಿಟಕಿ ಗಾಳಿ ತಾಗಿಸ್ಬ್ಯಾಡ. ಮಲ್ಲಿಗೆ ಹೇಳು, ಬಿಸ್ಲು ಇಳಿದ ಮೇಲೆ ನೆಡ್ಲಿ, ನೆಟ್ಟ ಮೇಲೆ ಮೂರು ದಿನ..." ಎಂದವಳು ನಿಲ್ಲಿಸಿ, "ಬ್ಯಾಡ, ನೀನೇನೂ ಹೇಳ್ಬ್ಯಾಡ. ನೀನು ಹೇಳಿದ್ರೆ ಇನ್ನೇನೋ ಆಯ್ತದೆ. ಕೊಟ್ಟು ಸುಮ್ನಿರು, ಅವ್ಳಿಗೆ ಗೊತ್ತು" ಎಂದಳು.

ಮಾರನೆಯ ಬೆಳಿಗ್ಗೆ ನನ್ನ ಸಾಮಾನನ್ನು ಕಟ್ಟಿದೆನು. ಎರಡು ಪಂಚೆ, ಒಂದು ಅಂಗಿ, ಮಸಿಯ ದೌತಿ, ಲೇಖನಿ, ಓದಿ ಸವೆದ ಆರು ಪುಸ್ತಕಗಳು. ಗಂಟನ್ನು ಬೆನ್ನಿಗೆ ಹಾಕಿ ಎರಡು ಕೈಗಳನ್ನೂ ಬುಟ್ಟಿಗಾಗಿ ಬಿಡುವು ಮಾಡಿಕೊಂಡೆನು. ಕಲ್ಲಮ್ಮ ರೊಟ್ಟಿಯ ಪೊಟ್ಟಣವನ್ನು ನನ್ನ ಹೆಗಲಿಗೆ ಕಟ್ಟಿದಳು. ಅದರಿಂದ ಬೆಣ್ಣೆ ಒಸರಿ ಅಂಗಿಯ ತೋಳಿಗೆ ಇಳಿಯುತ್ತಿತ್ತು. ಷಡಕ್ಷರಿ ಬಂಡಿ ಕಟ್ಟುತ್ತೇನೆಂದನು. ಬಂಡಿಯ ಕುಲುಕಾಟಕ್ಕೆ ಬೇರು ಸಡಿಲವಾದೀತೆಂದು ನಾನು ಬೇಡವೆಂದೆನು. ಬುಟ್ಟಿಯನ್ನು ಎದೆಗೆ ಒತ್ತಿಕೊಂಡು, ಏರಿಯನ್ನು ಹತ್ತಿ, ಅಜ್ಜಂಪುರದ ದಾರಿಯನ್ನು ಹಿಡಿದೆನು. ರೈಲಿಗೆ ಇನ್ನೂ ಬಹಳ ಹೊತ್ತಿತ್ತು. ಆದರೂ ಬೇಗಬೇಗ ನಡೆದೆನು.